ಒಳಗ ಮಡಿಚಿದ ಅರಿವಿ

ಬೆಟಗೇರಿಯೊಳಗ ಯಾರ ಸೊಂಟ ಎಷ್ಟಂತ
ಅವರ ಗಂಡಂದಿರಿಗೆ ಗೊತ್ತಿಲ್ಲ, ನಂಗ ಗೊತ್ತು.
ಇಪ್ಪತ್ತೆರಡು ವರ್ಷದ ಅಳತಿ
ನೀಲಿ ರಟ್ಟಿನ ನಾಕು ನೋಟಬುಕ್ಕಿನಾಗ.
ಸುಳ್ಳು ಹೇಳಿದವರು ಭಾಳ ಮಂದಿ,
ಟೇಪು ಒಂದೂ ಹೇಳಿಲ್ಲ.

ಸುಮಂಗಲಾ ಬಾಕಳೆ. ಎದಿ ನಲವತ್ತೆರಡು,
ಸೊಂಟ ಮೂವತ್ತೊಂಬತ್ತು, ತೋಳು ಹದಿನೈದೂವರಿ.
ಯುಗಾದಿ ಮರುದಿನ ಬಂದು ಅಂದ್ಲು:
"ಅಕ್ಕಾ, ಇನ್ನ ಮ್ಯಾಲೆ ಸಣ್ಣದ ಹೊಲಿ."
ಕೈಯಾಗ ಹಸರು ಡಬ್ಬಿ, ಮ್ಯಾಲೊಂದು ಎಲಿ,
ಎಲಿಗಿಂತ ದೊಡ್ಡದಾಗಿ ನಡು ಸಣ್ಣಾದ ಒಬ್ಬಾಕಿ.
ಮುರುಗಲ ಸಿಪ್ಪಿ, ಮಧುನಾಶಿನಿ, ಇನ್ನೇನೋ ಬೇರು.
ದಿನಕ್ಕೆರಡು ಗುಳಿಗಿ, ಹಸಿವಿ ಅನ್ನೂದ ಬರಂಗಿಲ್ಲಂತ.
ತಿಂಗಳಿಗೆ ಹದಿನೆಂಟನೂರು.
ನಾಕು ಮಂದೀನ ಕೂಡಿಸಿದ್ರ ಆಕಿ ಡಬ್ಬಿ ಪುಕ್ಕಟೆ;
ಆ ನಾಕರಾಗ ನನ್ನ ಹೆಸರೂ ಬರದಿದ್ಲು, ಪೆನ್ಸಿಲ್‌ನಾಗ.

ಮೇ: ಸೊಂಟ ಮೂವತ್ತೇಳು.
ಜೂನ್: ಮೂವತ್ತೈದೂವರಿ.
ಒಂದೊಂದು ಜಂಪರಿಗೂ ಎರಡೆರಡು ಸಲ ಹೊಲಿಗಿ ಬಿಗಿ ಮಾಡಿದೆ.
ಮಾರಿ ಮಾತ್ರ ಬ್ಯಾರೆ ಯಾರದೋ ಇಸಗೊಂಡು ಬಂದಂಗ.
ಎದುರಿನ ಅಂಗಡಿ ಬಾಣಲಿಯೊಳಗ
ಮಿರ್ಚಿ ಬಿದ್ದ ಸಪ್ಪಳಕ್ಕ ನಾ ತಲಿ ಎತ್ತಿದೆ.
ಆಕಿ ಎತ್ತಲಿಲ್ಲ.

ಅವತ್ತ ಡೋಣಿಯಿಂದ ದ್ಯಾಮವ್ವ ಬಂದಿದ್ಲು,
ಕಪ್ಪತಗುಡ್ಡದ ಸೊಪ್ಪು-ಬೇರಿನ ಗಂಟು ತಲಿಮ್ಯಾಲೆ.
ಡಬ್ಬಿ ತಿರುಗಿಸಿ ನೋಡಿದ್ಲು. ಓದಾಕ ಬರಂಗಿಲ್ಲ, ಮೂಸಿದ್ಲು.
"ಇದರಾಗ ಎಲಿ ಐತೋ ಇಲ್ಲೋ, ಆ ಬಸವಣ್ಣಗ ಗೊತ್ತು."
ಗಂಟಿನಾಗಿಂದ ಎರಡು ಹಸಿ ಎಲಿ ತಗದು ಕೊಟ್ಲು:
"ಇದ ನೋಡ್ರಿ ಮಧುನಾಶಿನಿ. ಅಗೀರಿ."
ಅಗದಿವಿ. ಕಹಿ. ಹುಲ್ಲು.
ಆಮ್ಯಾಲೆ ಚಾದ ಸಕ್ಕರಿ, ಒಂದೊಂದು ಚಮಚ:
ಉಸುಕು.
ನಾಲಿಗಿ ತುಂಬ ಬರೇ ಉಸುಕು.
ನಾ ನಕ್ಕೆ.
ಸುಮಂಗಲಾ ಅಳಾಕ ಹತ್ತಿದ್ಲು.
"ಮೂರು ತಿಂಗಳಾತಕ್ಕಾ, ನಂಗ ಎಲ್ಲಾನೂ ಹಿಂಗ."
ದ್ಯಾಮವ್ವ ಗಂಟು ಕಟ್ಟಿಕೋತ ಅಂದ್ಲು:
"ಎಲಿದೇನು ತಪ್ಪಿಲ್ಲವಾ.
ತನ್ನ ತಿನ್ನೋ ಹುಳಕ್ಕಂತ ಬಳ್ಳಿ ಮಾಡಿಟ್ಟ ಮೋಸ ಅದು.
ಅರ್ಧ ತಾಸು ತಡಿ, ಸಿಹಿ ತಾನ ಬರತೈತಿ."

ಮುಳಗುಂದ ನಾಕಾದ ಲ್ಯಾಬಿನಾಗ ರಕ್ತ ತಗೊಳ್ಳೋ ಶಬೀನಾ
ಚೂಡಿದಾರ ಒಯ್ಯಾಕ ಬಂದಾಗ ಬಿಡಿಸಿ ಹೇಳಿದ್ಲು:
ಹೊಟ್ಟಿಯಿಂದ ಒಂದು ಏಳತೈತಿ, ಘ್ರೆಲಿನ್, 'ತಾ' ಅಂತೈತಿ.
ಕೊಬ್ಬಿನೊಳಗಿಂದ ಒಂದು, ಲೆಪ್ಟಿನ್, 'ಸಾಕು' ಅಂತೈತಿ.
ತೂಕ ಇಳದಂಗ 'ಸಾಕು' ಅನ್ನೋ ದನಿ ಸಣ್ಣಾಗತೈತಿ,
'ತಾ' ಅನ್ನೂದು ಬಾಗಲಾ ಬಡೀತೈತಿ,
ಒಬ್ಬೊಬ್ಬರಿಗೆ ವರ್ಷಗಟ್ಲೆ.
"ಮೈ ತನ್ನ ಹಳೇ ಅಳತಿ ಬರದಿಟ್ಟಿರತೈತಿ ಆಂಟಿ,
ನಿಮ್ಮ ನೋಟಬುಕ್ಕಿನಂಗ."

ಕೇಳಿ ನಂಗೇನೂ ಹೊಸಾದು ಅನಸಲಿಲ್ಲ.
ನಾ ಯಾರ ಅರಿವೀನೂ ಅಳತಿಗೆ ಸರಿಯಾಗಿ ಕತ್ತರಿಸಿಲ್ಲ.
ಬಗಲಿನ ಹೊಲಿಗಿ ಒಳಗ ಎರಡಿಂಚು ಮಡಿಚಿ ಬಿಡತೀನಿ,
ಅವರಿಗೆ ಹೇಳದ:
ಬಾಣಂತನಕ್ಕ, ಥೈರಾಯ್ಡಿಗೆ, ಗಂಡ ತೀರಿದ ವರ್ಷಕ್ಕ,
ಸುಮ್ಮನ ಬಂದು ಕುಂಡ್ರೋ ವಯಸ್ಸಿಗೆ.
ಮುಟ್ಟು ನಿಂತ ವರ್ಷ ನನ್ನವೂ ಎಲ್ಲಾ ಬಿಚ್ಚಿದೆ.

ದಸರಾ ಮುಂದ ಸುಮಂಗಲಾ ಬಂದ್ಲು, ಮೈತುಂಬ ಸೆರಗು ಹೊದ್ದು.
ಟೇಪು ಹಿಡಿಯಾಕ ಬಿಡಲಿಲ್ಲ.
ಕಣ್ಣಿಗೇ ತಿಳೀತು, ಮೂವತ್ತೆಂಟು.
ಡಬ್ಬಿ ಬಿಟ್ಟು ಎಷ್ಟು ದಿನ ಆತಂತ ನಾ ಕೇಳಲಿಲ್ಲ.
"ಹೊಸ ಅರಿವಿ ತರಬೇಕೇನಕ್ಕಾ?"
"ಬ್ಯಾಡ."
ಬ್ಲೇಡ್ ಹಿಡಕೊಂಡು ಒಂದೊಂದ ಹೊಲಿಗಿ ಬಿಚ್ಚಿದೆ.
ಒಳಗಿನ ಅರಿವಿ ಹೊರಗಿನಕಿಂತ ಹೊಸಾದಿತ್ತು,
ಬಿಸಲು ಕಾಣದ ದಾಳಿಂಬ್ರಿ ಬಣ್ಣ.
ಆಕಿ ಅದನ್ನ ಬೆರಳಿಲೆ ಸವರಿದ್ಲು, ಹೊಳ್ಳಿ ಸವರಿದ್ಲು.

ಎದುರಿಗೆ ಬಾಣಲಿಯೊಳಗ ಮಿರ್ಚಿ ಬಿತ್ತು.
"ಎರಡು ಪ್ಲೇಟ್ ಹೇಳಲೇನು?" ಅಂದ್ಲು ಆಕಿನ.
ಹೇಳು ಅಂದೆ.
ಬಿಚ್ಚಿದ ಕೂಲಿ ಮೂವತ್ತು ರೂಪಾಯಿ, ಅದು ಬ್ಯಾರೆ.