ಲಾಭ, ಎರಡು, ಮೂರು

ಮಂಡಿಪೇಟೆಯ ಝೆರಾಕ್ಸ್ ಅಂಗಡಿಯ ಮೇಲೆ
ಕಡಿದಾದ ಹದಿನಾಲ್ಕು ಮೆಟ್ಟಿಲು.
ಮೊದಲ ದಿನ ಎಣಿಸುತ್ತ ಹತ್ತಿದೆ,
ಇಳಿಯುವಾಗ ಎಣಿಸುವ ಧೈರ್ಯ ಉಳಿದಿರಲಿಲ್ಲ.

ಪತ್ತಿನ ಸಂಘದಲ್ಲಿ ಹನ್ನೊಂದು ವರ್ಷ ಲೆಡ್ಜರ್ ಬರೆದವಳು ನಾನು.
ನನ್ನ ಅಂಕಿಗಳು ದುಂಡಗಿದ್ದವು,
ಬೈಯಲು ಬಂದ ಆಡಿಟರ್ ಕೂಡ ಹೊಗಳಿ ಹೋಗಿದ್ದರು.
ಸಂಘಕ್ಕೆ ಬೀಗ ಬಿದ್ದ ಮೇಲೆ
ದುಂಡಗಿನ ಎಂಟನ್ನು ಯಾರಿಗೆ ತೋರಿಸಲಿ?
ಪಿ.ಜೆ. ಬಡಾವಣೆಯ ಬಿಲ್ಲಿಂಗ್ ಕಂಪನಿಯವರು ಅಂದರು:
"ಪೈಥಾನ್ ಕಲಿತು ಬನ್ನಿ ಮೇಡಂ, ನೋಡೋಣ."

ಅದು ಹೆಬ್ಬಾವಿನ ಹೆಸರು ಅಂತ ಅವ್ವನಿಗೆ ಹೇಳಬಾರದಿತ್ತು.
"ಮೂವತ್ತೇಳಕ್ಕೆ ಹಾವು ಹಿಡಿಯಾಕೆ ಹೊಂಟೀ ಏನೇ?"
ಅಂದಳು, ಮಂಡಕ್ಕಿ ಜರಡಿ ಆಡಿಸುತ್ತ.

ಕಲಿಸುವ ಕೊಟ್ರೇಶನಿಗೆ ಇಪ್ಪತ್ತೆರಡು,
ಮೀಸೆ ಇನ್ನೂ ಕರಡು ಪ್ರತಿ.
"ಅಕ್ಕಾ, ಸಮ ಚಿಹ್ನೆ ಒಂದು ಹಾಕಿದ್ರೆ ಕೊಟ್ಟಂಗೆ,
ಎರಡು ಹಾಕಿದ್ರೆ ಕೇಳಿದಂಗೆ."
ಕೊಡುವುದಕ್ಕೂ ಕೇಳುವುದಕ್ಕೂ ಒಂದೇ ಗೀಟಿನ ಅಂತರ.
ಇದನ್ನು ಯಾರಾದರೂ
ಮದುವೆಗೆ ಮೊದಲೇ ಹೇಳಬಾರದಿತ್ತೆ!

ಏಳನೇ ಸಾಲು ತಪ್ಪು ಅನ್ನುತ್ತದೆ ಯಂತ್ರ.
ಏಳರಲ್ಲಿ ಏನೂ ಇಲ್ಲ,
ಆರರಲ್ಲಿ ಮುಚ್ಚದೆ ಬಿಟ್ಟ ಕಂಸ.
ಈ ಜಾತಿಯ ಲೆಕ್ಕ ನನಗೆ ಹೊಸದಲ್ಲ:
ಸಾಲ ತೆಗೆದವನೊಬ್ಬ,
ನೋಟಿಸು ಜಾಮೀನು ಹಾಕಿದವನ ಮನೆಗೆ.

ಒಮ್ಮೆ ನಿಲ್ಲು ಅನ್ನುವುದನ್ನು ಬರೆಯಲು ಮರೆತೆ.
ಪರದೆಯ ತುಂಬ ಮಂಡಕ್ಕಿ ಮಂಡಕ್ಕಿ ಮಂಡಕ್ಕಿ,
ಭಟ್ಟಿಯ ಬಿಸಿ ಮರಳಿಗೆ ಅಕ್ಕಿ ಬಿದ್ದ ಹಾಗೆ
ಅರಳಿ ಅರಳಿ ಮೇಲಕ್ಕೆ ಓಡುತ್ತಿದೆ.
ಹಿಂದಿನ ಬೆಂಚಿನ ಡಿಪ್ಲೊಮಾ ಹುಡುಗರು ನಕ್ಕರು.
ನಾನೂ ನಕ್ಕೆ, ಸ್ವಲ್ಪ ತಡವಾಗಿ.
ಕಿವಿ ಮಾತ್ರ ರಾತ್ರಿಯವರೆಗೂ ಬಿಸಿಯಿತ್ತು.

ಅವ್ವನ ಅಂಗಡಿಗೆಂದೇ ಬರೆದೆ ಮೊದಲ ಲೆಕ್ಕ:
ತಿಂಗಳಿಗೆ ನಲವತ್ತು ಚೀಲ, ಕೂಡಿಸು, ಹೇಳು.
ಅದು ಮೂವತ್ತೊಂಬತ್ತು ಅಂತು.
ಮತ್ತೆ ಓಡಿಸಿದೆ. ಮೂವತ್ತೊಂಬತ್ತು.
ಒಂದು ಚೀಲ ಎಲ್ಲಿ?
ಕೊಟ್ರೇಶ ಬಗ್ಗಿ ನೋಡಿದ:
"ಇದು ಸೊನ್ನೆಯಿಂದ ಎಣಿಸ್ತದಕ್ಕ,
ಕೊನೆ ಅಂಕಿ ಮುಟ್ಟಾದಿಲ್ಲ."

ಹೊಂಡದ ಸರ್ಕಲ್ಲಿನಿಂದ ನಡೆದೇ ಬಂದೆ ಆ ಸಂಜೆ.
ಅವ್ವ ಗಿರಾಕಿಗೆ ಅಳೆಯುತ್ತಿದ್ದಳು.
ಅವಳು ಎಂದೂ ಒಂದು ಅನ್ನುವವಳಲ್ಲ.
ಮೊದಲ ಸೇರು ಸುರಿಯುತ್ತ ಲಾಭ ಅನ್ನುತ್ತಾಳೆ,
ಆಮೇಲೆ ಎರಡು, ಮೂರು.
ಅವರವ್ವನಿಂದ ಬಂದದ್ದು, ಅವಳ ಅವ್ವನಿಗೆ ಇನ್ಯಾರಿಂದಲೋ.
"ಸೊನ್ನೆಯಿಂದ ಸುರು ಮಾಡಿದ್ರೆ
ಉಳಿಯೋದೇನೇ ಸುಮಿತ್ರಿ?"
ಕೇಳಿದಳು, ಸಿಟ್ಟಿಲ್ಲದೆ.
ನನ್ನಲ್ಲಿ ಉತ್ತರವಿರಲಿಲ್ಲ.

ಅವಳು ಮಲಗಿದ ಮೇಲೆ, ನೋಟು ಬುಕ್ಕಿನಲ್ಲಿ
ಎಣಿಕೆಗೆ ಇಟ್ಟಿದ್ದ ಹೆಸರು ಹೊಡೆದುಹಾಕಿ
ಲಾಭ ಅಂತ ಬರೆದೆ, ಪಕ್ಕದಲ್ಲಿ
ಸಮ ಚಿಹ್ನೆ, ಒಂದೇ.
ಅದರಾಚೆಗೆ ಸೊನ್ನೆ.
ನನ್ನ ಸೊನ್ನೆ ಈಗಲೂ ದುಂಡಗೇ ಬರುತ್ತದೆ.

ಮರುದಿನ ನಲವತ್ತೂ ಬಂದವು.
ಸೋಮವಾರ ಹನ್ನೊಂದಕ್ಕೆ ಬರಲು ಹೇಳಿದ್ದಾರೆ ಕಂಪನಿಯವರು.
ಲಾಭ ಸೊನ್ನೆ ಅಂತ ಯಾಕೆ ಬರೆದಿರಿ ಅಂತ
ಯಾರಾದರೂ ಕೇಳಿಯೇ ಕೇಳುತ್ತಾರೆ.
ಸುರುವಾತಿಗೆ ಸರ್, ಅನ್ನಬೇಕು.
ಇಲ್ಲ, ಅಷ್ಟೇ ಅಂದರೆ ತಿಳಿಯಲಿಕ್ಕಿಲ್ಲ.

ಅಷ್ಟರಲ್ಲಿ ಅವ್ವ ಹತ್ತು ಅಂದಳು,
ನಾನು ಮನಸ್ಸಿನಲ್ಲೇ ಒಂಬತ್ತು ಅಂದೆ,
ಇಬ್ಬರದೂ ಅದೇ ಚೀಲ.
ಬಾಯಿ ಕಟ್ಟುವ ಮುನ್ನ ಅವಳು
ಬೊಗಸೆ ತುಂಬ ಕೊಸರು ಸುರಿದಳು,
ಯಾವ ಅಂಕಿಯನ್ನೂ ಹೇಳದೆ.

ಕೊಸರನ್ನು ಯಾವ ಸಾಲಿನಲ್ಲಿ ಬರೆಯಬೇಕೋ,
ನಾಳೆ ಕೊಟ್ರೇಶನನ್ನು ಕೇಳಬೇಕು.