ಒಂದು ಬೈಟ್ ಕಡಿಮೆ

ರಾತ್ರಿ ಎರಡೂಕಾಲಿಗೆ ಕಡತ ನಿಂತಿತು.
ಟ್ರೊಮ್ಸೊದಲ್ಲಿ ನಾನು, ಹೊಸ ಯಂತ್ರದ ಪಕ್ಕ, ಕೋಟು ಬಿಚ್ಚದೆ;
ಸ್ಕಾರ್ವ್‌ನೆಸ್‌ನಲ್ಲಿ ಸೂಲ್‌ಫ್ರಿಡ್, ಹಳೆಯದರ ಪಕ್ಕ,
ಮಂಜುಗಡ್ಡೆ ಗೋದಾಮಿನ ಮೇಲಿನ ಕೋಣೆ.
ನವೆಂಬರಿನ ಕೊನೆಗೆ ಹೋದ ಸೂರ್ಯ ಇನ್ನೂ ರಜೆಯಲ್ಲಿ.
ನಮ್ಮಿಬ್ಬರ ನಡುವೆ ಒಂದು ತಂತಿ,
ಅದರೊಳಗೆ ಹನ್ನೊಂದು ಬಂದರುಗಳ
ಮೂವತ್ತೆಂಟು ವರ್ಷದ ಮೀನು.

ಪೆಟ್ಟಿಗೆಗೊಂದು ಸಾಲು, ಸಾಲಿಗೆ ನೂರಿಪ್ಪತ್ತೆಂಟು ಅಕ್ಷರ:
ದೋಣಿಯ ಹೆಸರು, ದಿನ, ಜಾತಿ, ಕ್ರೇನು ನಡೆಸಿದವನ ಗುರುತು,
ಕಟ್ಟಕಡೆಗೆ ತೂಕ.
ತೂಕದ ಕೊನೆಯ ಅಂಕಿಯ ಮಡಿಲಲ್ಲೇ
ಅದು ಧನವೋ ಋಣವೋ ಎಂಬ ಚಿಹ್ನೆ.
ಜಾಗ ತುಟ್ಟಿಯಾಗಿದ್ದ ಕಾಲದ ಜಿಪುಣ ಜಾಣತನ.

"ಎಷ್ಟಕ್ಕೆ ನಿಂತಿತು?" ಎಂದಳು. ಓದಿದೆ:
ಇನ್ನೂರ ಹದಿನಾಲ್ಕು ಕೋಟಿ
ಎಪ್ಪತ್ತನಾಲ್ಕು ಲಕ್ಷ
ಎಂಬತ್ತಮೂರು ಸಾವಿರದ
ಆರುನೂರ ನಲವತ್ತೇಳು.
ಅವಳು ನಕ್ಕಳು. ಈ ಸಂಖ್ಯೆ ನಮ್ಮ ಕಸುಬಿನವರಿಗೆ
ಸಾಲ ಕೊಟ್ಟವನ ಮುಖದಷ್ಟು ಪರಿಚಿತ.

ತಪ್ಪು ನನ್ನ ಕಡೆಯದು. ಇಲ್ಲಿ ಬರಮಾಡಿಕೊಳ್ಳುವ ಪ್ರೋಗ್ರಾಮು
ಮೂವತ್ತೆರಡು ಬೆರಳಲ್ಲಿ ಎಣಿಸುತ್ತದೆ,
ಒಂದನ್ನು ಮಡಚಿ ಇಟ್ಟುಕೊಳ್ಳುತ್ತದೆ, ಋಣಕ್ಕೆಂದು.
ಸೊನ್ನೆಗಿಂತ ಚಿಕ್ಕ ಕಡತವನ್ನು ಯಾರು ಕಂಡಿದ್ದಾರೆ?
ಆದರೂ ಯಾರೋ ಪುಣ್ಯಾತ್ಮ, ಎಂದೋ ಒಂದು ಮಧ್ಯಾಹ್ನ,
ಇರಲಿ ಎಂದು ಮಡಚಿದ ಆ ಒಂದು ಬೆರಳಿಗೆ
ಅರ್ಧ ಸಮುದ್ರ ಹೊರಗುಳಿಯಿತು.

ಕೊಳಗ ತುಂಬಿದ ಮೇಲೆ ಕೋಲಿನಿಂದ ಸವರುತ್ತಾರಲ್ಲ,
ಹಾಗೆ ಸವರಿತ್ತು. ಕೊನೆಯ ಸಾಲು ನೋಡಿದೆ:
ದೋಣಿ ಹಾವೆಲ್ಲಾ, ಎರಡು ಸಾವಿರದ ಮೂರರ ಮಾರ್ಚ್ ಆರು,
ಕಾಡ್ ಮೀನು, ಕ್ರೇನು ಓ.ಬಿ.,
ತೂಕ ನಾಲ್ಕು, ಮತ್ತೆ ಒಂದು ಖಾಲಿ.
ನೂರಿಪ್ಪತ್ತೇಳು ಅಕ್ಷರ ದಾಟಿ, ಒಂದು ಆಚೆ ದಡದಲ್ಲಿ.
ಆನೆ ತೂರಿ ಬಾಲ ಸಿಕ್ಕಿಕೊಂಡಿತು ಎನ್ನುವುದು ಇದಕ್ಕೇ.

"ಅಲ್ಲಿ ನೋಡು, ಪೂರ್ತಿ ಎಷ್ಟು?"
ಕೀಲಿ ಒತ್ತುವ ಸದ್ದು. ಅವಳದು ಹಸಿರು ಅಕ್ಷರದ ಪರದೆ.
ಆಮೇಲೆ ಸದ್ದಿಲ್ಲ. ಕೆಳಗೆ ಯಾವುದೋ ದೋಣಿಯ ಎಂಜಿನ್ನು
ಕೆಮ್ಮಿದ್ದು ನನಗೂ ಕೇಳಿತು.
"ನಲವತ್ತೇಳು," ಎಂದಳು. "ಋಣ."

ಋಣವೆಂದರೆ ತೂಕಕ್ಕೆ ಬಂದು ಮತ್ತೆ ಇಲ್ಲವಾದ ಪೆಟ್ಟಿಗೆ:
ಕೊಕ್ಕೆ ಜಾರಿ, ಕಟ್ಟೆಗೆ ಬಡಿದು,
ಸತ್ತ ಮೀನು ಮತ್ತೆ ನೀರಿಗೆ.
ಓ.ಬಿ. ಎಂದರೆ ಒಡ್ವಾರ್ ಬ್ರಾಟ್‌ಲಿ, ಅವಳಪ್ಪ.
ಇಪ್ಪತ್ತಾರು ವರ್ಷ ಕ್ರೇನಿನ ಮೇಲೆ ಕೂತವನು.
"ಒಂದು ಪೆಟ್ಟಿಗೆಯನ್ನೂ ಬೀಳಿಸದವನಿಗೆ" ಎಂದು
ನಿವೃತ್ತಿಯ ದಿನ ಕೊಟ್ಟ ಗಡಿಯಾರದ ಬೆನ್ನಿಗೆ ಕೆತ್ತಿಸಿದ್ದರು.
ಅದೀಗ ಅವಳ ಕೈಯಲ್ಲಿ, ಸಡಿಲ;
ಕೀಲಿ ಒತ್ತುವಾಗ ಮೇಜಿಗೆ ತಾಗುತ್ತದೆ.
ವರ್ಷಗಳಿಂದ ಫೋನಿನಲ್ಲಿ ಆ ಟಕ್ಕು ನನಗೆ ಗೊತ್ತು.

"ತುಂಡು ಮಾಡುತ್ತೇನೆ, ಯೋಸ್ಟೈನ್," ಎಂದಳು,
"ಆ ಸಾಲು ಎರಡನೇ ತುಂಡಿಗೆ ಮೊದಲಾಗಲಿ."
ನಾನು ಹೇಳಬಹುದಿತ್ತು: ಬಾರದ ಅಕ್ಷರ ಬಾರದ್ದೇ,
ಅಲ್ಲಿ ಧನವೆಂದು ಬರೆದರೆ ಯಾರು ಕೇಳುತ್ತಾರೆ,
ನಲವತ್ತೇಳು ಕಿಲೋ, ಇಷ್ಟು ಸಮುದ್ರದ ಲೆಕ್ಕದಲ್ಲಿ.
ಹೇಳಲಿಲ್ಲ. ಕಾಫಿ ತರಲು ಹೋದೆ.
ಹಾಲು ಮುಗಿದಿತ್ತು.

ನಾಲ್ಕು ಹತ್ತಕ್ಕೆ ಎರಡನೇ ತುಂಡು ಬಂದಿಳಿಯಿತು.
ಮೊದಲ ಸಾಲು ತೆಗೆದೆ, ನೋಡಬಾರದು ಎಂದುಕೊಂಡೇ.
ನೂರಿಪ್ಪತ್ತೆಂಟಕ್ಕೆ ನೂರಿಪ್ಪತ್ತೆಂಟು.
ಹಾವೆಲ್ಲಾ. ಓ.ಬಿ. ನಲವತ್ತೇಳು.
ಏಳರ ಮಡಿಲಲ್ಲಿ ಋಣ, ಇದ್ದ ಹಾಗೇ.

ತಂತಿಯ ಆ ತುದಿಯಲ್ಲಿ ಟಕ್, ಟಕ್.
ಮೂರನೆಯದಕ್ಕೆ ಏನು ಹೆಸರಿಡಲಿ ಎಂದು ಕೇಳುತ್ತಿದ್ದಾಳೆ.