ಬರಿಗಾಡಿ ತೂಕ

ಮಂಡ್ಯದ ಸ್ಟೇಡಿಯಂ ಮೂಲೆಯಲ್ಲಿ, ಶಾಮಿಯಾನದ ಕೆಳಗೆ,
ಕೈಯಿಲ್ಲದ ಕುರ್ಚಿಯೊಂದರ ಮೇಲೆ ಕೂರಿಸಿ
ಎದೆಗೆ ಕೈ ಕಟ್ಟಿಕೊಳ್ಳಿ ತಾತ, ಅಂದಳು ಹುಡುಗಿ.
ಮೂವತ್ತು ಸೆಕೆಂಡು. ಏಳಿ, ಕೂರಿ, ಏಳಿ, ಕೂರಿ.
ಹದಿಮೂರು ಸಲ ಎದ್ದೆ.
ಹದಿನಾಲ್ಕನೆಯದಕ್ಕೆ ಕುರ್ಚಿ ಬಿಟ್ಟದ್ದು ನಾಲ್ಕು ಬೆರಳಷ್ಟು;
ಅಷ್ಟರಲ್ಲಿ ಸೀಟಿ.

ಅವಳ ಪಟ್ಟಿಯಲ್ಲಿ ವಯಸ್ಸಿಗೊಂದು ಸಾಲು.
ಆಧಾರ್ ಕಾರ್ಡು ನೋಡಿದಳು: ಅರವತ್ತನಾಲ್ಕು.
ಬೆರಳು ಅಡ್ಡಕ್ಕೆ ಸರಿಯಿತು: ಹದಿನಾಲ್ಕರಿಂದ ಹತ್ತೊಂಬತ್ತು.
'ಸ್ವಲ್ಪ ಕಮ್ಮಿ' ಎಂದು ಬರೆದಳು ಕೆಂಪು ಪೆನ್ನಿನಲ್ಲಿ,
ಬೇಜಾರಾಗಬೇಡಿ ಅನ್ನುವ ಹಾಗೆ ಸಣ್ಣ ಅಕ್ಷರ.

ಪಟ್ಟಿ ಓದಬಲ್ಲೆ ನಾನೂ.
ಸಕ್ಕರೆ ಫ್ಯಾಕ್ಟರಿಯ ತೂಕದ ಮನೆಯಲ್ಲಿ
ಮೂವತ್ತೈದು ಹಂಗಾಮು ಕಬ್ಬಿನ ಗಾಡಿ ತೂಗಿದವನು.
ತುಂಬಿದ ಗಾಡಿಗೊಂದು ಚೀಟಿ, ಬರಿಗಾಡಿಗೊಂದು;
ಕಳೆದು ಉಳಿದದ್ದೇ ಕಬ್ಬು.
ಇವಳ ಸಾಲುಗಳೂ ಅದೇ ಲೆಕ್ಕ:
ವಯಸ್ಸು ಬರಿಗಾಡಿಯ ತೂಕ,
ಅದನ್ನು ಕಳೆದೇ ಆಳನ್ನು ಅಳೆಯಬೇಕು. ನ್ಯಾಯ.

ಮೂಕಿಯ ಮೇಲೆ ಕೂತೇ ತೂಕಕ್ಕೆ ನಿಲ್ಲಿಸಿದವರು ಎಷ್ಟು ಮಂದಿ,
ಒಬ್ಬೊಬ್ಬರನ್ನೂ ಇಳಿಸಿದ್ದೇನೆ:
'ಲೇ ಕೆಂಚೇಗೌಡ, ನೀನೂ ಕಬ್ಬೇನ್ಲಾ? ಇಳೀಲಾ ಕೆಳಕ್ಕೆ.'

ಆದರೆ ನನ್ನ ಬರಿಗಾಡಿ?
ಕೀಲಾರದ ಶಾಲೆಯಲ್ಲಿ ಹೆಡ್ಮಾಸ್ಟರು
ಅವ್ವನ ಮುಖ ನೋಡಿ ಎರಡು ವರ್ಷ ಇಳಿಸಿ ಬರೆದರು:
'ಮುಂದೆ ನೌಕರಿ ಸಿಕ್ಕರೆ ಅನುಕೂಲ, ಇರಲಿ.'
ಹುಟ್ಟಿದ್ದು ಹುರುಳಿ ಕೀಳುವ ಕಾಲ; ಬರೆದದ್ದು ಜೂನ್ ಒಂದು.
ಅನುಕೂಲವೇ ಆಯಿತು.
ಇಪ್ಪತ್ತನಾಲ್ಕು ತಿಂಗಳ ಸಂಬಳ ಹೆಚ್ಚಿಗೆ ಎಣಿಸಿಕೊಂಡೆ,
ಹಿತ್ತಲ ಕೋಣೆಗೆ ತಾರಸಿ ಬಿತ್ತು.
ಮೂಕಿಯ ಮೇಲಿಂದ ನನ್ನನ್ನು ಇಳಿಸುವವರು ಯಾರೂ ಇರಲಿಲ್ಲ.

ಈಗ ಆ ಎರಡು ವರ್ಷ
ಮೊಣಕಾಲ ಚಿಪ್ಪಿನಲ್ಲಿ ಕೂತು ಬಾಕಿ ಕೇಳುತ್ತಿವೆ.

'ಕೆಳಗಿನ ಸಾಲಲ್ಲಿ ಏನೈತವ್ವ?' ಅಂದೆ.
'ಅದು ಅರವತ್ತೈದು ಆದೋರಿಗೆ ತಾತ, ಹನ್ನೆರಡು ಬಂದ್ರೂ ಸಾಕು.
ಬರೋ ವರ್ಷ ಇಷ್ಟೇ ಮಾಡಿ, ಪಾಸಾಗ್ತೀರ.'
ನಕ್ಕಳು. ನಾನೂ ನಕ್ಕೆ.
ನಾಲಿಗೆ ತುದಿಗೆ ಬಂದದ್ದನ್ನು
ಅವಳು ಕೊಟ್ಟ ಗ್ಲೂಕೋಸ್ ನೀರಿನ ಜೊತೆ ನುಂಗಿದೆ.

ಚೀಟಿ ಮಡಚಿ ಜೇಬಿಗಿಟ್ಟು ಹೊರಟೆ,
ಫ್ಯಾಕ್ಟರಿ ರಸ್ತೆ ಬಿಟ್ಟು, ಬಳಸು ದಾರಿಯಲ್ಲಿ.
ಹದಿಮೂರಕ್ಕೆ ನನ್ನ ತಕರಾರಿಲ್ಲ.
ಆ ನಾಲ್ಕು ಬೆರಳಷ್ಟು ಎದ್ದದ್ದು ಮಾತ್ರ
ಯಾವ ಸಾಲಿಗೂ ಬೀಳಲಿಲ್ಲ.
ನಾನಾಗಿದ್ದರೆ,
ಮುಳ್ಳು ಆಚೀಚೆ ತೂಗಾಡಿದಾಗೆಲ್ಲ
ಗಾಡಿಯವನ ಕಡೆಗೇ ಬರೆಯುತ್ತಿದ್ದೆ.
ಪಾಪ, ಅವಳಿಗೆ ಕೆಲಸ ಹೊಸದು.